ಕೆಲಸಕ್ಕಾಗಿ ಗಾಡಿ ಓಡಿಸುವವರ ಅಪಾಯ ಅಳೆಯುವುದು ಹೇಗೆ? ಯಾವ ವಿಧಾನ ಯಾರಿಗೆ?

ನಿಮ್ಮ ಸಂಸ್ಥೆಯಲ್ಲಿ ಕೆಲಸಕ್ಕಾಗಿ ಗಾಡಿ ಓಡಿಸುವವರು ಎಷ್ಟು ಜನ ಎಂದು ಕೇಳಿ ನೋಡಿ. ಸಾಮಾನ್ಯವಾಗಿ ಸಿಗುವ ಉತ್ತರ ಸಂಸ್ಥೆಯ ಹೆಸರಿನಲ್ಲಿರುವ ಗಾಡಿಗಳ ಲೆಕ್ಕ. ಹನ್ನೆರಡು ವ್ಯಾನು, ಮೂರು ಕಾರು, ಅಷ್ಟೇ. ಸ್ವಂತ ಬೈಕಿನಲ್ಲಿ ಗ್ರಾಹಕರ ಮನೆಗೆ ರಿಪೇರಿಗೆ ಹೋಗುವ ಟೆಕ್ನಿಷಿಯನ್ ಆ ಲೆಕ್ಕದಲ್ಲಿ ಇರುವುದಿಲ್ಲ. ತಿಂಗಳಿಗೆ ಎರಡು ಸಲ ತನ್ನ ಕಾರಿನಲ್ಲಿ ಇನ್ನೊಂದು ಶಾಖೆಗೆ ಹೋಗಿಬರುವ ಅಕೌಂಟೆಂಟ್ ಇರುವುದಿಲ್ಲ. 'ಹಾಗೇ ಬ್ಯಾಂಕಿಗೂ ಹೋಗಿ ಬಂದುಬಿಡು' ಎಂದು ಕಳಿಸಿದ ಆಫೀಸ್ ಹುಡುಗ ಅಂತೂ ಯಾರ ನೆನಪಿಗೂ ಬರುವುದಿಲ್ಲ. ಹಾಗಾಗಿ ಯಾವ ವಿಧಾನ ಆರಿಸಿಕೊಂಡರೂ ಮೊದಲ ಕೆಲಸ ಒಂದೇ. ಸಂಸ್ಥೆಯ ಕೆಲಸಕ್ಕೆ ಸ್ಟಿಯರಿಂಗ್ ಅಥವಾ ಹ್ಯಾಂಡಲ್ ಹಿಡಿಯುವ ಎಲ್ಲರ ಹೆಸರು ಬರೆದುಕೊಳ್ಳಿ. ಪಕ್ಕದಲ್ಲಿ ಪ್ರತಿಯೊಬ್ಬರೂ ತಿಂಗಳಿಗೆ ಅಂದಾಜು ಎಷ್ಟು ಕಿಲೋಮೀಟರ್ ಓಡಿಸುತ್ತಾರೆ ಎಂದು ಬರೆಯಿರಿ. ಈ ಎರಡು ಕಾಲಮ್ ಇಲ್ಲದೆ ಮುಂದಿನದೆಲ್ಲ ಊಹೆ.

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತದಲ್ಲಿ ಸಾಯುತ್ತಾರೆ. ಆದರೂ ಎಷ್ಟೋ ಕಚೇರಿಗಳ ಸುರಕ್ಷತಾ ಫೈಲಿನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರುತ್ತದೆ, ಏಣಿ ಇರುತ್ತದೆ, ಒದ್ದೆ ನೆಲ ಇರುತ್ತದೆ, ರಸ್ತೆ ಮಾತ್ರ ಇರುವುದಿಲ್ಲ.

ಅಪಾಯ ಅಳೆಯಲು ಮುಖ್ಯವಾಗಿ ಆರು ದಾರಿಗಳಿವೆ. ದಾಖಲೆ ಪರಿಶೀಲನೆ, ಹಿಂದಿನ ಅಪಘಾತಗಳ ಲೆಕ್ಕ, ಪ್ರಶ್ನಾವಳಿ, ಗಾಡಿಗೆ ಹಾಕುವ ಯಂತ್ರಗಳು, ಪಕ್ಕದಲ್ಲಿ ಕೂತು ನೋಡುವುದು, ಮತ್ತೆ ಕೆಲಸವನ್ನೇ ಅಳೆಯುವುದು. ಮಾರುವವರು ಪ್ರತಿಯೊಂದನ್ನೂ ಇದೇ ಸಾಕು ಎಂಬಂತೆ ಮಾರುತ್ತಾರೆ. ನಿಜ ಹೇಳಬೇಕೆಂದರೆ ಇವು ಒಂದಕ್ಕೊಂದು ಬದಲಿ ಆಗುವುದಿಲ್ಲ, ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ನನ್ನ ಒಲವು ಯಾವ ಕಡೆ ಎಂದು ಈಗಲೇ ಹೇಳಿಬಿಡುತ್ತೇನೆ. ಪಟ್ಟಿಯ ಕೊನೆಯದನ್ನು ಎಲ್ಲರೂ ಕೊನೆಗೆ ಮಾಡುತ್ತಾರೆ. ಅದನ್ನೇ ಮೊದಲು ಮಾಡಬೇಕು.

ದಾಖಲೆ ನೋಡುವುದು

ಇದರಲ್ಲಿ ಹೆಚ್ಚು ಹೇಳುವುದಿಲ್ಲ. ಲೈಸೆನ್ಸ್ ಚಾಲ್ತಿಯಲ್ಲಿದೆಯೇ, ಓಡಿಸುವ ಗಾಡಿಯ ವರ್ಗಕ್ಕೆ ಸರಿಹೊಂದುತ್ತದೆಯೇ, ಕನ್ನಡಕ ಹಾಕಿಯೇ ಓಡಿಸಬೇಕು ಎಂಬ ಷರತ್ತು ಇದೆಯೇ, ಇಷ್ಟು ನೋಡಿ. ಕೆಲಸಕ್ಕೆ ಸೇರುವ ದಿನ ಒಂದು ಜೆರಾಕ್ಸ್ ತೆಗೆದುಕೊಂಡು ಫೈಲಿಗೆ ಹಾಕಿದರೆ ಸಾಲದು. ಲೈಸೆನ್ಸ್ ಅವಧಿ ಮುಗಿಯುತ್ತದೆ, ರದ್ದೂ ಆಗುತ್ತದೆ. ವರ್ಷಕ್ಕೊಮ್ಮೆಯಾದರೂ ಮೂಲ ಪ್ರತಿ ನೋಡಬೇಕು.

ಸ್ವಂತ ಗಾಡಿ ಬಳಸುವವರ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಇದೆ. ಮನೆ ಬಳಕೆಗೆಂದು ಮಾಡಿಸಿದ ಇನ್ಶೂರೆನ್ಸ್ ಎಷ್ಟೋ ಸಲ ಕೆಲಸದ ಓಡಾಟಕ್ಕೆ ಅನ್ವಯಿಸುವುದಿಲ್ಲ. ಪಾಲಿಸಿಯ ಷರತ್ತು ಓದಿ. ಇದು ಅಪಘಾತವಾದ ಮೇಲೆ ಗೊತ್ತಾಗಬಾರದ ವಿಷಯ.

ಎಲ್ಲ ದಾಖಲೆ ಸರಿ ಇದ್ದರೆ ಓಡಿಸಲು ಅರ್ಹತೆ ಇದೆ ಎಂದಷ್ಟೇ ಅರ್ಥ. ಹೇಗೆ ಓಡಿಸುತ್ತಾರೆ ಎಂಬುದು ಅದರಿಂದ ಗೊತ್ತಾಗದು.

ಹಿಂದಿನ ಅಪಘಾತಗಳ ಲೆಕ್ಕ

ಇದು ಎಲ್ಲರಿಗೂ ಇಷ್ಟವಾಗುವ ವಿಧಾನ. ಖರ್ಚಿಲ್ಲ, ಕ್ಲೇಮ್ ಕಾಗದಗಳು ಆಗಲೇ ಕೈಯಲ್ಲಿವೆ. ಎರಡು ಸಲ ಗುದ್ದಿಕೊಂಡವನ ಹೆಸರಿಗೆ ಕೆಂಪು ಬಣ್ಣ ಹಚ್ಚಿದರೆ ಕೆಲಸ ಮುಗಿಯಿತು. ಆದರೆ ಇಲ್ಲೇ ಲೆಕ್ಕ ಕೈ ಕೊಡುವುದು.

ಒಂದು ಸಣ್ಣ ಲೆಕ್ಕ ಹಾಕೋಣ. 100 ಜನ ಇದ್ದಾರೆ. ಎಲ್ಲರೂ ಒಂದೇ ಥರ ಓಡಿಸುತ್ತಾರೆ, ಅಪಾಯ ಎಲ್ಲರದ್ದೂ ಒಂದೇ ಸಮ. ವರ್ಷಕ್ಕೆ ಒಟ್ಟು ಸುಮಾರು 20 ಅಪಘಾತ. ಬರೀ ಆಕಸ್ಮಿಕದ ಲೆಕ್ಕದಲ್ಲೇ ಸುಮಾರು 82 ಜನರಿಗೆ ಒಂದೂ ಆಗುವುದಿಲ್ಲ, 16 ಜನರಿಗೆ ಒಂದೊಂದು ಆಗುತ್ತದೆ, ಇಬ್ಬರಿಗೆ ಎರಡೆರಡು. ಆ ಇಬ್ಬರನ್ನು ಕರೆದು ಬೈದು, ತರಬೇತಿಗೆ ಕಳಿಸುತ್ತೀರಿ. ಮುಂದಿನ ವರ್ಷ ಅವರಿಗೆ ಬಹುಶಃ ಒಂದೂ ಆಗುವುದಿಲ್ಲ. ತರಬೇತಿ ಫಲ ಕೊಟ್ಟಿತು ಎಂದು ವರದಿ ಬರೆಯುತ್ತೀರಿ. ಅಸಲಿಗೆ ಅಲ್ಲಿ ಏನೂ ಬದಲಾಗಿಲ್ಲ. ಮುಂದಿನ ವರ್ಷ ಬೇರೆ ಇಬ್ಬರ ಹೆಸರು ಬರುತ್ತದೆ ಅಷ್ಟೆ.

ಜನರ ನಡುವೆ ನಿಜವಾದ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಇದೆ. ಆದರೆ ಒಬ್ಬೊಬ್ಬರ ಒಂದು ವರ್ಷದ ಅಪಘಾತದ ಸಂಖ್ಯೆ ತೀರಾ ಚಿಕ್ಕದು, ಅದರಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಮೇಲಾಗಿ ಕಿಲೋಮೀಟರ್ ಮರೆತರೆ ಲೆಕ್ಕ ತಲೆಕೆಳಗಾಗುತ್ತದೆ. 60,000 ಕಿ.ಮೀ. ಓಡಿಸಿ ಎರಡು ಸಲ ಗೀರು ಮಾಡಿಕೊಂಡವನಿಗೆ 30,000ಕ್ಕೆ ಒಂದು. 8,000 ಕಿ.ಮೀ. ಓಡಿಸಿ ಒಂದು ಸಲ ಮಾಡಿಕೊಂಡವನಿಗೆ 8,000ಕ್ಕೆ ಒಂದು. ಪಟ್ಟಿಯಲ್ಲಿ ಮಾತ್ರ ಮೊದಲನೆಯವನೇ ಕೆಟ್ಟವನಾಗಿ ಕಾಣುತ್ತಾನೆ.

ಹಾಗಾದರೆ ಈ ಲೆಕ್ಕ ಬಿಟ್ಟುಬಿಡಬೇಕೇ? ಬೇಡ. ವ್ಯಕ್ತಿಯನ್ನು ಅಳೆಯುವುದಕ್ಕೆ ಬಿಟ್ಟು, ಜಾಗ ಮತ್ತು ಹೊತ್ತನ್ನು ಹುಡುಕುವುದಕ್ಕೆ ಬಳಸಿ. ಎರಡು ಮೂರು ವರ್ಷದ ಅಪಘಾತಗಳನ್ನು ಒಂದು ಹಾಳೆಗೆ ತನ್ನಿ. ಎಷ್ಟು ಗಂಟೆಗೆ ಆಯಿತು, ಎಲ್ಲಿ ಆಯಿತು, ಯಾವ ಗಾಡಿ, ಗಾಡಿ ಏನು ಮಾಡುತ್ತಿತ್ತು. ಅರ್ಧಕ್ಕರ್ಧ ರಿವರ್ಸ್ ತೆಗೆಯುವಾಗ ಆಗಿದ್ದರೆ ನಿಮಗೆ ಬೇಕಿರುವುದು ಕ್ಯಾಮೆರಾ ಮತ್ತು ಅಂಗಳದಲ್ಲಿ ಜಾಗ. ಡ್ರೈವರ್‌ಗೆ ಪಾಠ ಹೇಳಿ ಏನು ಉಪಯೋಗ? ಸಂಜೆ ಹೊತ್ತಿನಲ್ಲೇ ಗುಂಪಾಗಿದ್ದರೆ ರೋಸ್ಟರ್ ತೆಗೆದು ನೋಡಿ.

ಇನ್ನೊಂದು ಮಾತು. ಗೀರಿಗೆ ಸಂಬಳದಲ್ಲಿ ದುಡ್ಡು ಕಡಿಯುವ ಕಡೆ ಈ ಲೆಕ್ಕವೇ ಸುಳ್ಳು. ಅಲ್ಲಿ ಗೀರುಗಳು ಕಡಿಮೆ ಆಗಿರುವುದಿಲ್ಲ, ಹೇಳುವುದು ಕಡಿಮೆ ಆಗಿರುತ್ತದೆ.

ಪ್ರಶ್ನಾವಳಿ

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇಪ್ಪತ್ತು ನಿಮಿಷ. ಕೊನೆಗೆ ಕಡಿಮೆ, ಮಧ್ಯಮ, ಹೆಚ್ಚು ಎಂದು ಒಂದು ಫಲಿತಾಂಶ. ಸಾವಿರ ಜನರಿಗೆ ಒಂದೇ ವಾರದಲ್ಲಿ ಕೊಡಬಹುದು, ಸ್ವಂತ ಗಾಡಿಯವರನ್ನೂ ಸೇರಿಸಬಹುದು. ಇದು ದೊಡ್ಡ ಅನುಕೂಲ.

ತೊಂದರೆ ಏನು ಅಂತ ಗೊತ್ತೇ ಇದೆ. ನಮ್ಮ ಡ್ರೈವಿಂಗ್ ಬಗ್ಗೆ ನಮಗೆ ಯಾವಾಗಲೂ ಒಳ್ಳೆಯ ಅಭಿಪ್ರಾಯ. ಮನಃಶಾಸ್ತ್ರಜ್ಞ ಓಲಾ ಸ್ವೆನ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಗುಂಪಿನ 93 ಶೇಕಡಾ ಜನ, ಸ್ವೀಡನ್ನಿನ ಗುಂಪಿನ 69 ಶೇಕಡಾ ಜನ ತಾವು ಚಾಲನಾ ಕೌಶಲದಲ್ಲಿ ನಡುಗೆರೆಗಿಂತ (ಅರ್ಧ ಜನ ಮೇಲೆ, ಅರ್ಧ ಜನ ಕೆಳಗೆ ಬರುವ ಗೆರೆ) ಮೇಲಿದ್ದೇವೆ ಎಂದರು. ಅರ್ಧಕ್ಕಿಂತ ಹೆಚ್ಚು ಜನ ನಡುಗೆರೆಯ ಮೇಲಿರಲು ಸಾಧ್ಯವೇ ಇಲ್ಲ ಅಲ್ವಾ? ಆದ್ದರಿಂದ 'ನೀವು ಎಚ್ಚರಿಕೆಯಿಂದ ಓಡಿಸುತ್ತೀರಾ' ಎಂಬಂಥ ಪ್ರಶ್ನೆಗಳಿರುವ ಪ್ರಶ್ನಾವಳಿಯನ್ನು ದುಡ್ಡು ಕೊಟ್ಟು ಕೊಳ್ಳಬೇಡಿ.

ಒಳ್ಳೆಯ ಪ್ರಶ್ನಾವಳಿ ನಡವಳಿಕೆಯನ್ನು ಕೇಳುತ್ತದೆ. ಕಳೆದ ತಿಂಗಳಲ್ಲಿ ಎಷ್ಟು ಸಲ ಹಳದಿ ದೀಪ ಕಂಡು ವೇಗ ಹೆಚ್ಚಿಸಿದಿರಿ? ಎಷ್ಟು ಸಲ ಬೇರೆ ಕಡೆ ಹೋಗಬೇಕಾದವರು ದಿನದ ದಾರಿಯಲ್ಲೇ ತಿರುಗಿಬಿಟ್ಟಿರಿ? ಮನಃಶಾಸ್ತ್ರಜ್ಞ ಜೇಮ್ಸ್ ರೀಸನ್ ಮತ್ತು ಸಂಗಡಿಗರು 1990ರಲ್ಲಿ ಇಂಥ ಪ್ರಶ್ನೆಗಳಿಂದಲೇ ಒಂದು ಮುಖ್ಯ ವಿಷಯ ತೋರಿಸಿದರು. ತಪ್ಪು ಮಾಡುವುದೇ ಬೇರೆ, ಗೊತ್ತಿದ್ದೂ ನಿಯಮ ಮುರಿಯುವುದೇ ಬೇರೆ. ಕನ್ನಡಿ ನೋಡಲು ಮರೆಯುವವನು ಮತ್ತು ಬೇಕೆಂದೇ ಮುಂದಿನ ಗಾಡಿಯ ಬಾಲಕ್ಕೆ ಅಂಟಿಕೊಂಡು ಹೋಗುವವನು ಇಬ್ಬರನ್ನೂ ಒಂದೇ ತರಬೇತಿಗೆ ಕಳಿಸಿದರೆ ಒಬ್ಬನಿಗೆ ಅದು ವ್ಯರ್ಥ. ಮೊದಲನೆಯವನಿಗೆ ಅಭ್ಯಾಸ, ವಿಶ್ರಾಂತಿ, ಸರಿಯಾದ ಗಾಡಿ ಬೇಕು. ಎರಡನೆಯವನ ಹತ್ತಿರ ಕೂತು ಮಾತಾಡಬೇಕು. ಯಾಕೆ ಅವಸರ, ಯಾರು ಅವಸರ ಮಾಡಿಸುತ್ತಿದ್ದಾರೆ?

ನಿದ್ದೆಯ ಬಗ್ಗೆ ಪ್ರತ್ಯೇಕವಾಗಿ ಕೇಳಬೇಕು. 1991ರಲ್ಲಿ ಮುರ್ರೆ ಜಾನ್ಸ್ ರೂಪಿಸಿದ ಎಪ್‌ವರ್ತ್ ಮಾಪಕದಲ್ಲಿ ಎಂಟೇ ಪ್ರಶ್ನೆ. ಓದುತ್ತ ಕೂತಾಗ, ಟಿವಿ ನೋಡುವಾಗ, ಹೀಗೆ ಎಂಟು ಸಂದರ್ಭಗಳಲ್ಲಿ ತೂಕಡಿಕೆ ಬರುವ ಸಾಧ್ಯತೆಗೆ 0ರಿಂದ 3 ಅಂಕ. ಒಟ್ಟು 24ರಲ್ಲಿ 10 ದಾಟಿದರೆ ಹಗಲು ನಿದ್ದೆ ಜಾಸ್ತಿ ಎಂದು ಅರ್ಥ, ವೈದ್ಯರನ್ನು ಕಾಣುವುದು ಒಳ್ಳೆಯದು. ಜೋರಾಗಿ ಗೊರಕೆ ಹೊಡೆಯುವವರಲ್ಲಿ ಉಸಿರು ಕಟ್ಟುವ ನಿದ್ದೆಯ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.

ಇದೆಲ್ಲ ಕೆಲಸ ಮಾಡಬೇಕಾದರೆ ಒಂದು ಷರತ್ತು. ಉತ್ತರ ಯಾರ ಕೈಗೆ ಹೋಗುತ್ತದೆ ಎಂದು ಮೊದಲೇ ಹೇಳಬೇಕು. ಉತ್ತರ ನೋಡಿ ಡ್ಯೂಟಿ ಕಿತ್ತುಕೊಳ್ಳುತ್ತಾರೆ ಎಂಬ ಭಯ ಇದ್ದರೆ ಎಲ್ಲರೂ ಸಾಧುಗಳಾಗಿಬಿಡುತ್ತಾರೆ.

ಗಾಡಿಗೆ ಹಾಕುವ ಯಂತ್ರಗಳು

ಜಿಪಿಎಸ್ ಪೆಟ್ಟಿಗೆ, ಫೋನ್ ಆ್ಯಪ್, ಡ್ಯಾಶ್‌ಕ್ಯಾಮ್. ಇವುಗಳನ್ನೆಲ್ಲ ಒಟ್ಟಾಗಿ ಟೆಲಿಮ್ಯಾಟಿಕ್ಸ್ ಎನ್ನುತ್ತಾರೆ. ವೇಗ, ಗಕ್ಕನೆ ಬ್ರೇಕ್, ಜೋರಾಗಿ ಎಳೆಯುವುದು, ತಿರುವಿನಲ್ಲಿ ವಾಲುವುದು ಇವುಗಳನ್ನು ಅಳೆದು ಪ್ರತಿ ಡ್ರೈವರ್‌ಗೆ ಒಂದು ಅಂಕ ಕೊಡುತ್ತವೆ. ನೆನಪು, ನಾಚಿಕೆ, ಭಯ ಯಾವುದೂ ಅಡ್ಡ ಬರದ ಮಾಹಿತಿ ಇದು. ಅದರಲ್ಲೂ ವೇಗದ ಮಾಹಿತಿ ನಿಜಕ್ಕೂ ಬೆಲೆಯುಳ್ಳದ್ದು. ಸರಾಸರಿ ವೇಗ 1 ಶೇಕಡಾ ಹೆಚ್ಚಿದರೆ ಸಾವು ತರುವ ಅಪಘಾತದ ಅಪಾಯ 4 ಶೇಕಡಾ ಹೆಚ್ಚುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೂರು ಅಂಕೆಗಳ ನಡುವೆ ಒಂದನ್ನೇ ನೋಡಬೇಕು ಎಂದರೆ ನಾನು ಅದನ್ನೇ ನೋಡುತ್ತೇನೆ. ಓಡಿಸಿದ ದೂರದಲ್ಲಿ ಎಷ್ಟು ಪಾಲು ವೇಗಮಿತಿ ಮೀರಿ?

ಬ್ರೇಕಿನ ಅಂಕೆಯನ್ನು ಮಾತ್ರ ಸ್ವಲ್ಪ ಅನುಮಾನದಿಂದ ನೋಡಿ. ಮಗು ಅಡ್ಡ ಬಂದಾಗ ಗಕ್ಕನೆ ನಿಲ್ಲಿಸಿದವನು ಒಳ್ಳೆಯ ಡ್ರೈವರ್. ಯಂತ್ರಕ್ಕೆ ಅದು ತಪ್ಪು. ಇಡೀ ದಿನ ಸಂದಿಗೊಂದಿಯಲ್ಲಿ ಡೆಲಿವರಿ ಕೊಡುವವನನ್ನೂ ಹೆದ್ದಾರಿಯಲ್ಲಿ ಸಲೀಸಾಗಿ ಹೋಗುವವನನ್ನೂ ಒಂದೇ ಅಂಕಪಟ್ಟಿಯಲ್ಲಿ ಹಾಕಿದರೆ ಅನ್ಯಾಯ. ಒಂದೇ ಥರದ ರೂಟಿನವರನ್ನು ಮಾತ್ರ ಹೋಲಿಸಿ, ಅದೂ 100 ಕಿ.ಮೀ.ಗೆ ಇಷ್ಟು ಎಂಬ ಲೆಕ್ಕದಲ್ಲಿ. ಒಂದೆರಡು ಘಟನೆಗೆ ತಲೆ ಕೆಡಿಸಿಕೊಳ್ಳದೆ ಎರಡು ಮೂರು ತಿಂಗಳ ಏರಿಳಿತ ನೋಡಿ.

ಡ್ಯಾಶ್‌ಕ್ಯಾಮ್‌ನಲ್ಲಿ ಎರಡು ಬಗೆ. ರಸ್ತೆ ಕಡೆ ಮುಖ ಮಾಡಿದ ಕ್ಯಾಮೆರಾವನ್ನು ಡ್ರೈವರ್‌ಗಳು ಸಾಮಾನ್ಯವಾಗಿ ಒಪ್ಪುತ್ತಾರೆ, ಯಾಕೆಂದರೆ ತಪ್ಪು ಎದುರಿನವನದು ಎಂದು ಸಾಬೀತು ಮಾಡಲು ಅದು ಅವರಿಗೇ ಸಾಕ್ಷಿ. ಒಳಗಡೆ ಮುಖ ಮಾಡಿದ್ದು ಬೇರೆ ಕಥೆ. ಫೋನ್ ನೋಡುವುದು, ಕಣ್ಣು ಮುಚ್ಚುವುದು ಅದರಲ್ಲಿ ಮಾತ್ರ ಸಿಗುತ್ತದೆ ಎನ್ನುವುದು ನಿಜ. ಆದರೆ ಎಂಟು ಗಂಟೆ ಮುಖದ ಮುಂದೆ ಕ್ಯಾಮೆರಾ ಇಟ್ಟುಕೊಂಡು ಕೂರುವುದು ಯಾರಿಗೆ ಹಿತ? ಹಾಕುವುದೇ ಆದರೆ ಯಾವಾಗ ರೆಕಾರ್ಡ್ ಆಗುತ್ತದೆ, ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತೀರಿ, ಡ್ಯೂಟಿ ಮುಗಿದ ಮೇಲೆ ಬಂದ್ ಆಗುತ್ತದೆಯೇ, ಇವನ್ನು ಬರೆದು ಕೊಡಿ. ಸ್ವಂತ ಗಾಡಿಗೆ ಇಂಥ ಯಂತ್ರ ಹಾಕಿಸುವುದು ಇನ್ನೂ ಸೂಕ್ಷ್ಮ, ಮನೆಯವರೂ ಅದೇ ಗಾಡಿಯಲ್ಲಿ ಓಡಾಡುತ್ತಾರಲ್ಲ.

ಇದರ ನಿಜವಾದ ಖರ್ಚು ಪೆಟ್ಟಿಗೆಯದ್ದಲ್ಲ. ವಾರಕ್ಕೊಮ್ಮೆ ಅಂಕೆ ನೋಡಿ ಡ್ರೈವರ್ ಹತ್ತಿರ ಹತ್ತು ನಿಮಿಷ ಮಾತಾಡುವ ಒಬ್ಬ ಮನುಷ್ಯ ಬೇಕು. ಆ ಮನುಷ್ಯ ಯಾರು ಎಂದು ಹೆಸರು ಹೇಳಲು ಆಗದಿದ್ದರೆ ಯಂತ್ರ ಕೊಳ್ಳಬೇಡಿ. ಸುಮ್ನೆ ಮಾಹಿತಿ ತುಂಬಿಕೊಳ್ಳುತ್ತದೆ. ಅಪಘಾತ ಆದ ದಿನ 'ನಿಮಗೆ ಆರು ತಿಂಗಳಿಂದ ಗೊತ್ತಿತ್ತಲ್ಲ' ಎಂದು ಯಾರಾದರೂ ಕೇಳಿದರೆ ಉತ್ತರ ಇರುವುದಿಲ್ಲ.

ಪಕ್ಕದಲ್ಲಿ ಕೂತು ನೋಡುವುದು

ಅನುಭವಿ ತರಬೇತುದಾರ ಒಂದು ಗಂಟೆ ಪಕ್ಕದ ಸೀಟಿನಲ್ಲಿ ಕೂತರೆ ಡ್ರೈವರ್ ತನ್ನ ಅತ್ಯುತ್ತಮ ಡ್ರೈವಿಂಗ್ ತೋರಿಸುತ್ತಾನೆ. ಅದು ಸಹಜ. ಆದರೂ ಕೆಲವು ವಿಷಯ ಬಚ್ಚಿಡಲು ಆಗುವುದಿಲ್ಲ. ಕಣ್ಣು ಎಷ್ಟು ದೂರ ನೋಡುತ್ತದೆ, ಕನ್ನಡಿಗೆ ಎಷ್ಟು ಸಲ ಹೋಗುತ್ತದೆ, ಮುಂದಿನ ಗಾಡಿಯಿಂದ ಎಷ್ಟು ಅಂತರ ಇರುತ್ತದೆ. ಹೊಸದಾಗಿ ಸೇರಿದವರಿಗೆ, ಕಾರಿನಿಂದ ದೊಡ್ಡ ವ್ಯಾನಿಗೆ ಬದಲಾಗುವವರಿಗೆ, ದೊಡ್ಡ ಅಪಘಾತದ ನಂತರ ಮರಳುವವರಿಗೆ ಇದಕ್ಕಿಂತ ಒಳ್ಳೆಯ ವಿಧಾನ ಇಲ್ಲ. ಎಲ್ಲರಿಗೂ ಪ್ರತಿ ವರ್ಷ ಮಾಡಿಸುವುದು ಮಾತ್ರ ದುಂದು.

ಒಂದು ಎಚ್ಚರಿಕೆ. ಅಳೆಯುವ ನೆಪದಲ್ಲಿ ಜಾರುವ ನೆಲದಲ್ಲಿ ಗಾಡಿ ತಿರುಗಿಸುವಂಥ ಸಾಹಸದ ತರಬೇತಿ ಮಾರುವವರೂ ಇದ್ದಾರೆ. ನೋಡಲು ಮಜವಾಗಿರುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಅಂಥ ತರಬೇತಿ ಕೌಶಲಕ್ಕಿಂತ ಜಾಸ್ತಿ ಧೈರ್ಯವನ್ನು ಬೆಳೆಸಿಬಿಡಬಹುದು.

ಕೆಲಸವನ್ನೇ ಅಳೆಯುವುದು

ಈಗ ನನ್ನ ಮಾತಿಗೆ ಬರುತ್ತೇನೆ. ಮೇಲಿನ ವಿಧಾನಗಳಲ್ಲಿ ಹೆಚ್ಚಿನವು ಹುಡುಕುವುದು ಕೆಟ್ಟ ಡ್ರೈವರ್ ಯಾರು ಎಂದು. ಒಳ್ಳೆಯ ಡ್ರೈವರ್‌ನನ್ನೂ ಕೆಟ್ಟದಾಗಿ ಓಡಿಸುವಂತೆ ಮಾಡುವ ಕೆಲಸ ಯಾವುದು ಎಂದು ಹುಡುಕುವುದು ಇದೊಂದೇ. ಇದಕ್ಕೆ ಬೇಕಾಗುವುದು ಪೆನ್ನು, ಕಾಗದ, ಕಳೆದ ತಿಂಗಳ ರೋಸ್ಟರ್.

ಒಬ್ಬ ಸರ್ವಿಸ್ ಟೆಕ್ನಿಷಿಯನ್ನನ ಒಂದು ದಿನ ತೆಗೆದುಕೊಳ್ಳಿ. ಒಂಬತ್ತು ಭೇಟಿ, ಒಂದಕ್ಕೆ 40 ನಿಮಿಷ, ಅಲ್ಲಿಗೆ 6 ಗಂಟೆ. ಒಟ್ಟು ದೂರ 190 ಕಿ.ಮೀ., ಸರಾಸರಿ ಗಂಟೆಗೆ 45 ಕಿ.ಮೀ. ಹಿಡಿದರೆ 4 ಗಂಟೆಗಿಂತ ಸ್ವಲ್ಪ ಹೆಚ್ಚು. ಊಟವಿಲ್ಲ, ನೀರಿಲ್ಲ, ಪಾರ್ಕಿಂಗ್ ಹುಡುಕುವ ಹೊತ್ತಿಲ್ಲ, ಆಗಲೇ 10 ಗಂಟೆ ದಾಟಿತು. ಶಿಫ್ಟ್ ಇರುವುದು 9 ಗಂಟೆ. ಉಳಿದದ್ದು ಎಲ್ಲಿಂದ ಬರಬೇಕು? ವೇಗದಿಂದ, ಊಟ ಬಿಡುವುದರಿಂದ, ಇಲ್ಲವೇ ನಿದ್ದೆಯಿಂದ. ಈ ಲೆಕ್ಕ ಹಾಕದೆ ಅವನ ಗಾಡಿಗೆ ಯಂತ್ರ ಹಾಕಿದರೆ ಅದು ವೇಗ ಜಾಸ್ತಿ ಎಂದು ಹೇಳುತ್ತದೆ. ನಿಜವೇ. ಆದರೆ ಆ ವೇಗ ಹುಟ್ಟಿದ್ದು ಆಫೀಸಿನಲ್ಲಿ.

ನಿದ್ದೆಯ ಲೆಕ್ಕವೂ ಹೀಗೇ. 17 ಗಂಟೆ ಎಚ್ಚರವಾಗಿದ್ದವರ ಪ್ರತಿಕ್ರಿಯೆ ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇರುವವರಷ್ಟೇ ಮಂಕಾಗುತ್ತದೆ ಎಂದು 1997ರಿಂದಲೂ ಪ್ರಯೋಗಗಳು ತೋರಿಸಿವೆ. ಬೆಳಿಗ್ಗೆ 5ಕ್ಕೆ ಎದ್ದು, ದೂರದ ಮೀಟಿಂಗಿಗೆ ಹೋಗಿ, ರಾತ್ರಿ 10ಕ್ಕೆ ಇನ್ನೂ ಗಾಡಿಯಲ್ಲೇ ಇರುವವರು ನಿಮ್ಮಲ್ಲಿ ಎಷ್ಟು ಜನ? ಅವರು ಸರಿಯಾಗಿ 17 ಗಂಟೆಯ ಗೆರೆ ಮುಟ್ಟಿದ್ದಾರೆ. ಕುಡಿದು ಓಡಿಸಿ ಎಂದು ಯಾವ ಮ್ಯಾನೇಜರೂ ಹೇಳುವುದಿಲ್ಲ. ಹೋಟೆಲ್ ಬಿಲ್ ಬೇಡ, ರಾತ್ರಿಯೇ ವಾಪಸ್ ಬಾ ಎಂದು ಮಾತ್ರ ಹೇಳುತ್ತಾರೆ. ಬೆಳಗಿನ ಜಾವ 2ರಿಂದ 6 ಮತ್ತು ಮಧ್ಯಾಹ್ನ ಊಟದ ನಂತರದ ಹೊತ್ತು ತೂಕಡಿಕೆ ಸಹಜವಾಗಿ ಹೆಚ್ಚು. ರೋಸ್ಟರಿನಲ್ಲಿ ಆ ಹೊತ್ತಿನ ಟ್ರಿಪ್‌ಗಳಿಗೆ ಗುರುತು ಹಾಕಿ.

ಫೋನಿನ ವಿಷಯವನ್ನು ಅಳೆಯಲು ಇನ್ನೂ ಸುಲಭ. ಡ್ರೈವಿಂಗ್ ಹೊತ್ತಿನಲ್ಲಿ ಬಂದ ಕರೆಗಳಲ್ಲಿ ಆಫೀಸಿನವು ಎಷ್ಟು ಎಂದು ಒಂದು ವಾರ ಲೆಕ್ಕ ಇಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಮೆಸೇಜ್ ಯಾರದು ಎಂದು ನಾಲ್ಕು ಸೆಕೆಂಡ್ ಇಣುಕಿದರೆ ಸುಮಾರು 90 ಮೀಟರ್ ಕಣ್ಣು ಕಟ್ಟಿ ಓಡಿಸಿದಂತೆ. ಫೋನ್ ಬಳಸುವ ಡ್ರೈವರ್‌ಗೆ ಅಪಘಾತದ ಅಪಾಯ ಸುಮಾರು ನಾಲ್ಕು ಪಟ್ಟು. ಹ್ಯಾಂಡ್ಸ್‌ಫ್ರೀ ಹಾಕಿಕೊಂಡರೆ ಕೈ ಬಿಡುವಾಗುತ್ತದೆ, ತಲೆ ಬಿಡುವಾಗುವುದಿಲ್ಲ.

ಇದರಲ್ಲೂ ಕೊರತೆ ಇದೆ. ಒಬ್ಬ ನಿರ್ದಿಷ್ಟ ವ್ಯಕ್ತಿಯ ಕಣ್ಣಿನ ಪೊರೆ, ಅವನ ಕೋಪ, ಅವನ ಕುಡಿತ ಇದರಲ್ಲಿ ಕಾಣಿಸುವುದಿಲ್ಲ. ಜೊತೆಗೆ ಫಲಿತಾಂಶ ಮೇಲಿನವರಿಗೆ ಇಷ್ಟವಾಗುವುದಿಲ್ಲ, ಯಾಕೆಂದರೆ ಬದಲಾಗಬೇಕಾದವರು ಅವರೇ.

ಹಾಗಾದರೆ ಯಾವುದು ಆರಿಸಲಿ?

ಹತ್ತು ಹದಿನೈದು ಜನ ಇರುವ ಕಡೆ ಯಂತ್ರ, ಸಾಫ್ಟ್‌ವೇರ್ ಯಾವುದೂ ಬೇಡ. ದಾಖಲೆ ನೋಡಿ, ಕೆಲಸ ಅಳೆಯಿರಿ, ಪ್ರತಿಯೊಬ್ಬರ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಹೊಸಬರ ಪಕ್ಕದಲ್ಲಿ ಒಮ್ಮೆ ಕೂತುಕೊಳ್ಳಿ. ಇಷ್ಟು ಸಣ್ಣ ಗುಂಪಿನಲ್ಲಿ ಅಪಘಾತದ ಅಂಕಿಅಂಶಕ್ಕೆ ಅರ್ಥವೇ ಇಲ್ಲ.

ನೂರರ ಹತ್ತಿರ ಇದ್ದರೆ ಕೆಲಸ ಅಳೆದು, ದಾಖಲೆ ನೋಡಿದ ಮೇಲೆ ಎಲ್ಲರಿಗೂ ಪ್ರಶ್ನಾವಳಿ ಕೊಡಿ, ಕಿಲೋಮೀಟರ್ ಮತ್ತು ರಾತ್ರಿ ಪ್ರಯಾಣ ಎರಡೂ ಜಾಸ್ತಿ ಇರುವವರ ಗಾಡಿಗಳಿಗೆ ಮಾತ್ರ ಯಂತ್ರ ಹಾಕಿ. ಎಲ್ಲ ಗಾಡಿಗೂ ಒಂದೇ ದಿನ ಹಾಕಿದವರು ವರದಿಯ ರಾಶಿಯಲ್ಲಿ ಮುಳುಗುತ್ತಾರೆ. ನೂರಾರು ಗಾಡಿಗಳಿದ್ದರೆ ಎಲ್ಲವೂ ಬೇಕು. ಅವನ್ನು ಒಂದು ವ್ಯವಸ್ಥೆಯಾಗಿ ಕಟ್ಟಲು ರಸ್ತೆ ಸುರಕ್ಷತೆಯ ನಿರ್ವಹಣೆಗೆಂದೇ 2012ರಲ್ಲಿ ಬಂದ ಐಎಸ್ಒ 39001 ಎಂಬ ಅಂತರರಾಷ್ಟ್ರೀಯ ಮಾನದಂಡ ಒಳ್ಳೆಯ ಚೌಕಟ್ಟು.

ದ್ವಿಚಕ್ರದವರೇ ಹೆಚ್ಚಿದ್ದರೆ ಲೆಕ್ಕ ಬೇರೆ. ಅಲ್ಲಿ ಅಪಘಾತ ಆಗುವ ಸಾಧ್ಯತೆಗಿಂತ ಆದಾಗ ಬೀಳುವ ಪೆಟ್ಟು ದೊಡ್ಡ ವಿಷಯ. ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು 42 ಶೇಕಡಾ, ತಲೆಗೆ ಪೆಟ್ಟಾಗುವುದನ್ನು ಸುಮಾರು 69 ಶೇಕಡಾ ಕಡಿಮೆ ಮಾಡುತ್ತದೆ. ಅಂಕಪಟ್ಟಿ ಆಮೇಲೆ. ಹೆಲ್ಮೆಟ್ಟಿನ ಪಟ್ಟಿ ಬಿಗಿದಿದೆಯೇ, ಟೈರ್ ಸವೆದಿದೆಯೇ, ನಿಮಿಷದ ಲೆಕ್ಕದಲ್ಲಿ ಡೆಲಿವರಿ ಒತ್ತಡ ಇದೆಯೇ ಎಂದು ಮೊದಲು ನೋಡಿ.

ಅಳೆದ ಮೇಲೆ ಏನು ಮಾಡುವುದು ಎಂಬುದಕ್ಕೂ ಒಂದು ಹೋಲಿಕೆ ಸಿಗುತ್ತದೆ. ಸ್ವೀಡನ್ನಿನ ಸರ್ಕಾರಿ ಟೆಲಿಫೋನ್ ಸಂಸ್ಥೆಯಲ್ಲಿ ನಡೆದು 1996ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕು ಉಪಾಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಡ್ರೈವಿಂಗ್ ತರಬೇತಿ, ಪ್ರಚಾರ, ಬೋನಸ್, ಮತ್ತು ಡ್ರೈವರ್‌ಗಳೇ ಗುಂಪಾಗಿ ಕೂತು ಚರ್ಚಿಸುವುದು. ಅಪಘಾತದ ಅಪಾಯ ಅತಿ ಹೆಚ್ಚು ಇಳಿದದ್ದು ಚರ್ಚೆಯ ಗುಂಪಿನಲ್ಲಿ. ನೀವೂ ಹೀಗೆ ಮಾಡಬಹುದು. ಎಂಟು ಹತ್ತು ಜನರನ್ನು ಕೂರಿಸಿ, ಅಳತೆಯಲ್ಲಿ ಕಂಡದ್ದನ್ನು ಹೆಸರಿಲ್ಲದೆ ಮುಂದಿಡಿ, ಯಾಕೆ ಹೀಗಾಗುತ್ತಿದೆ ಎಂದು ಅವರೇ ಹೇಳಲಿ. ಕೊನೆಗೆ ಪ್ರತಿಯೊಬ್ಬರೂ ತಾನು ಬದಲಾಯಿಸಿಕೊಳ್ಳುವ ಒಂದು ವಿಷಯ ಬರೆಯಲಿ. ಆ ಹಾಳೆಯಲ್ಲಿ ಮ್ಯಾನೇಜರ್ ಬದಲಾಯಿಸಬೇಕಾದ ವಿಷಯಗಳೂ ಖಂಡಿತ ಬರುತ್ತವೆ. ಒಂಬತ್ತು ಭೇಟಿಯನ್ನು ಏಳಕ್ಕೆ ಇಳಿಸುವುದು, ರಾತ್ರಿ ವಾಪಸಾತಿ ನಿಲ್ಲಿಸುವುದು ಇಂಥವು. ಅವುಗಳ ಮುಂದೆಯೂ ಒಂದು ಹೆಸರು, ಒಂದು ತಾರೀಕು ಬರೆಯಿರಿ.